ಕುಂಕುಮಕೇಸರಿ: ಗುಣವೆಷ್ಟು, ನಂಬಿಕೆಯೆಷ್ಟು?

ಮನೆಯ ಮಗಳೋ ಸೊಸೆಯೋ ಗರ್ಭಿಣಿಯಾದಳೆಂಬ ಶುಭವಾರ್ತೆ ಹಬ್ಬಿದೊಡನೆ ಬೀಗರು, ನೆಂಟರು ತರುವ ಉಡುಗೊರೆಗಳಲ್ಲಿ ಕೇಸರಿಯ ಪುಟ್ಟ ಡಬ್ಬಿಯೂ ಒಂದು. ಹಾಲಿನಲ್ಲಿ ನಾಲ್ಕೆಳೆ ಕೇಸರಿ ನೆನೆಸಿ ದಿನವೂ ಕುಡಿಸಿದರೆ ಕೂಸು ಕೆಂಪಗೆ, ಬೆಳ್ಳಗೆ ಹುಟ್ಟುವುದೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಅಕ್ಕಿ ಬೇಳೆಗಳ ಬೆಲೆಯಲ್ಲಿ ಎಂಟಾಣೆಗೂ ಚೌಕಾಸಿ ಮಾಡುತ್ತಿದ್ದ ಹಿರಿಯರು ಕೂಡ ಈ ಡಬ್ಬಿಯ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟುಬರುವುದನ್ನು ನಾವು ಕಂಡಿದ್ದೇವೆ. ಇಷ್ಟು ಪ್ರೀತಿಯಿಂದ ಕೊಳ್ಳುವ ಪದಾರ್ಥದ ನಿಜವಾದ ಗುಣವೇನು, ಅದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಪ್ರತಿಯೊಂದು ಮನೆಯೂ ಅರಿತಿರಬೇಕು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಸಂಸ್ಕೃತ ಗ್ರಂಥಗಳಲ್ಲಿ ‘ಕುಂಕುಮ’ ಎಂದರೆ ಕೇಸರಿಯೇ. ಕಾಶ್ಮೀರದಲ್ಲಿ ಹುಟ್ಟುವುದರಿಂದ ಅದಕ್ಕೆ ‘ಕಾಶ್ಮೀರಜ’ ಎಂಬ ಹೆಸರೂ ಉಂಟು. ಇಂದು ನಾವು ಕುಂಕುಮವೆಂದು ಕರೆಯುವ ಹಣೆಯ ಪುಡಿ ಅರಿಸಿನದಿಂದ ಮಾಡಿದ್ದು. ಕೇಸರಿಗೂ ಅದಕ್ಕೂ ಬಣ್ಣದ ನೆಂಟಸ್ತನವಲ್ಲದೆ ಬೇರೆ ಸಂಬಂಧವಿಲ್ಲ. ಆದುದರಿಂದಲೇ ತಿಳಿದವರು ಇದನ್ನು ‘ಕುಂಕುಮಕೇಸರಿ’ ಎಂದು ಬಿಡಿಸಿ ಹೇಳುತ್ತಾರೆ.

ಕೇಸರಿ ಹುಲ್ಲಿನಂಥ ಎಲೆಗಳುಳ್ಳ ಒಂದು ಗಿಡ್ಡ ಸಸ್ಯ. ಇದಕ್ಕೆ ಬೀಜವಾಗುವುದಿಲ್ಲ, ಮಣ್ಣಿನೊಳಗಿನ ಗಡ್ಡೆಗಳನ್ನು ಬೇರ್ಪಡಿಸಿ ಮನುಷ್ಯನೇ ನೆಡಬೇಕು. ಶ್ರೀನಗರಕ್ಕೆ ಸಮೀಪದ ಪಾಂಪೋರಿನ ಸುತ್ತಲಿನ ‘ಕರೇವಾ’ ಎಂಬ ಎತ್ತರದ ಬಯಲುಗಳು ನಮ್ಮ ದೇಶದಲ್ಲಿ ಇದರ ತವರು. ಅಕ್ಟೋಬರ್ ಕೊನೆಯಿಂದ ಕೆಲವೇ ವಾರ ನೇರಿಳೆ ಬಣ್ಣದ ಹೂಗಳು ಅರಳುತ್ತವೆ. ಬೆಳಗಿನ ಜಾವದಲ್ಲಿಯೇ ಅವನ್ನು ಬಿಡಿಸಿ, ಮನೆಮಂದಿಯೆಲ್ಲ ಸುತ್ತ ಕುಳಿತು, ಒಂದೊಂದು ಹೂವಿನ ನಡುವಿನಿಂದ ಮೂರು ಕೆಂಪು ಎಳೆಗಳನ್ನು ಬೆರಳಿನಿಂದಲೇ ಆರಿಸಬೇಕು. ಒಂದು ಕಿಲೋ ಒಣಕೇಸರಿಗೆ ಸುಮಾರು 1,50,000 ಹೂಗಳು ಬೇಕಾಗುತ್ತವೆ. ಎಂದರೆ ನಮ್ಮ ಕೈಗೆ ಬರುವ ಒಂದು ಗ್ರಾಮಿನ ಡಬ್ಬಿಯಲ್ಲಿ 150 ಹೂಗಳ 450 ಎಳೆಗಳಿರುತ್ತವೆ. ಬೆಲೆ ಏಕೆ ಅಷ್ಟು ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಜಗತ್ತಿನ ಕೇಸರಿಯಲ್ಲಿ ಅತಿ ಹೆಚ್ಚಿನ ಪಾಲು ಇರಾನಿನದಾದರೂ ಕಾಶ್ಮೀರದ್ದಕ್ಕೆ ಅದರದೇ ಆದ ಹಿರಿಮೆಯುಂಟು; 2020ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಕಾಶ್ಮೀರ ನಮಗೆ ದೂರದ ಸೀಮೆಯಾದರೂ ಕಲ್ಯಾಣಕ್ಕೂ ಅದಕ್ಕೂ ಹಳೆಯ ನಂಟುಂಟು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ನೆಲೆಸಿದ ಕವಿ ಬಿಲ್ಹಣ ಕಾಶ್ಮೀರದವನು. ಕವಿತೆಯೂ ಕೇಸರಿಯೂ ತನ್ನ ನಾಡಿನಲ್ಲಿ ಒಡಹುಟ್ಟಿದವೆಂದು ಅವನು ಹೆಮ್ಮೆಪಟ್ಟಿದ್ದಾನೆ. ಮುಂದಿನ ಶತಮಾನದಲ್ಲಿ ಕಾಶ್ಮೀರದ ಅರಸೊತ್ತಿಗೆಯನ್ನೇ ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕ ಹಿಡಿದವರು ಮೋಳಿಗೆ ಮಾರಯ್ಯನವರೆಂದು ಪರಂಪರೆ ಹೇಳುತ್ತದೆ. ಕೇಸರಿಯ ನಾಡಿನ ಒಡೆತನಕ್ಕಿಂತ ಸೌದೆಯ ಹೊರೆಯನ್ನು ಹಿರಿದೆಂದು ಬಗೆದ ಆ ಶರಣರನ್ನು ನೆನೆದಾಗ, ವಸ್ತುವಿನ ಬೆಲೆ ಬೇರೆ, ಅದರ ಪ್ರಯೋಜನ ಬೇರೆ ಎಂಬ ಮಾತು ನಮಗೆ ಮನದಟ್ಟಾಗುತ್ತದೆ.

ಇನ್ನು ಗುಣಗಳ ವಿಚಾರ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ವು ಕಾಶ್ಮೀರ, ಬಾಹ್ಲೀಕ, ಪಾರಸೀಕವೆಂದು ಕೇಸರಿಯಲ್ಲಿ ಮೂರು ಬಗೆಗಳನ್ನು ಹೇಳಿ, ಕೆಂಪಾದ ಸಣ್ಣ ಎಳೆಗಳುಳ್ಳ ಕಾಶ್ಮೀರದ್ದನ್ನೇ ಉತ್ತಮವೆಂದು ಎಣಿಸುತ್ತದೆ. ತಲೆನೋವು, ಹುಣ್ಣು, ಜಂತು, ವಾಂತಿಗಳಿಗೆ ಅದು ಹಿತವೆಂದೂ, ಮುಖದ ಕಪ್ಪುಕಲೆಗಳನ್ನು ನೀಗಿ ಕಾಂತಿಯನ್ನು ಕೊಡುವುದೆಂದೂ ಅಲ್ಲಿ ಹೇಳಿದೆ. ಚಂದನ, ಮಂಜಿಷ್ಠ, ಜ್ಯೇಷ್ಠಮಧು ಮೊದಲಾದವುಗಳೊಡನೆ ಎಳ್ಳೆಣ್ಣೆಯಲ್ಲಿ ಸಿದ್ಧಪಡಿಸುವ ಕುಂಕುಮಾದಿ ತೈಲವನ್ನು ಮುಖಕ್ಕೆ ಲೇಪಿಸುವ ಪದ್ಧತಿ ಇಂದಿಗೂ ಇದೆ. ಚಳಿಯ ನಾಡಾದ ಕಾಶ್ಮೀರದಲ್ಲಿ ಏಲಕ್ಕಿ, ದಾಲ್ಚಿನ್ನಿ, ಬಾದಾಮಿಗಳೊಡನೆ ಕೇಸರಿ ಬೆರೆಸಿದ ‘ಕಹ್ವಾ’ ಎಂಬ ಚಹಾ ಮೈಗೆ ಕಾವು ಕೊಡುವ ನಿತ್ಯದ ಪಾನೀಯ. ಇಲ್ಲಿ ಗಮನಿಸಬೇಕಾದುದೊಂದಿದೆ. ಗ್ರಂಥವು ಕಾಂತಿಯ ಮಾತನ್ನು ಹೇಳಿದ್ದು ಕಲೆಬಿದ್ದ ಮುಖಕ್ಕೆ. ಅದನ್ನು ಗರ್ಭದೊಳಗಿನ ಕೂಸಿನ ಮೈಬಣ್ಣಕ್ಕೆ ಎಳೆದು ತಂದದ್ದು ನಮ್ಮ ಆಸೆ.

ಆಧುನಿಕ ವಿಜ್ಞಾನವೂ ಕೇಸರಿಯನ್ನು ಅಲ್ಲಗಳೆದಿಲ್ಲ. ಅದರ ಬಣ್ಣಕ್ಕೆ ಕ್ರೋಸಿನ್, ಕಹಿಗೆ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಸಫ್ರನಾಲ್ ಎಂಬ ಅಂಶಗಳು ಕಾರಣವೆಂದು ಕಂಡುಕೊಳ್ಳಲಾಗಿದೆ. ಮಂದವಾದ ಖಿನ್ನತೆಯಿಂದ ಬಳಲುವವರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿಯ ಸಾರವನ್ನು ಕೆಲವು ವಾರ ಕೊಟ್ಟಾಗ ಮನಸ್ಸು ಹಗುರವಾದುದನ್ನು ಇರಾನಿನ ವೈದ್ಯರು 2004ರಿಂದ ಈಚೆಗೆ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಅವು ಸಣ್ಣ ಗುಂಪುಗಳ ಮೇಲೆ ನಡೆದ ಪ್ರಯೋಗಗಳು. ಅವುಗಳನ್ನೇ ನೆಚ್ಚಿ ವೈದ್ಯರ ಔಷಧಿಯನ್ನು ಬಿಡಲಾಗದು. ಆದರೆ ಮೈಬಣ್ಣದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕೂಸಿನ ಬಣ್ಣವನ್ನು ನಿಶ್ಚಯಿಸುವುದು ತಂದೆತಾಯಿಗಳಿಂದ ಬಂದ ವಂಶವಾಹಿಗಳು ಮತ್ತು ಅವು ಚರ್ಮದಲ್ಲಿ ಹುಟ್ಟಿಸುವ ಮೆಲನಿನ್ ಎಂಬ ವರ್ಣದ್ರವ್ಯ. ತಾಯಿ ಕುಡಿದ ಹಾಲಿನ ಬಣ್ಣ ಅಲ್ಲಿಗೆ ತಲುಪುವುದಿಲ್ಲ.

ಈ ಮಾತು ನಮ್ಮ ಮನೆಯಲ್ಲಿಯೇ ಪರೀಕ್ಷೆಗೆ ಬಂದ ಸಂಗತಿಯನ್ನು ಹೇಳುವುದು ಉಚಿತ. ನಮ್ಮ ಕಿರಿಯ ಸೊಸೆ ಐದು ತಿಂಗಳ ಗರ್ಭಿಣಿಯಾಗಿದ್ದಾಗ ಪಡಸಾಲೆಯ ಗೂಡಿನಲ್ಲಿ ಮೂರು ಡಬ್ಬಿ ಕೇಸರಿ ಕೂಡಿದ್ದವು. ಎಂಬತ್ತು ದಾಟಿದ ನಮ್ಮ ತಾಯಿಯವರು ರಾತ್ರಿ ತಪ್ಪದೆ ತಾವೇ ಹಾಲು ಕಾಯಿಸಿ, ಕೇಸರಿ ಹಾಕಿ, ಅವಳು ಕುಡಿದು ಮುಗಿಸುವವರೆಗೆ ಎದುರಿಗೆ ಕುಳಿತಿರುತ್ತಿದ್ದರು. ಆದರೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದರೆ ಕಣ್ಣಿಗೆ ಕತ್ತಲೆ. ತಪಾಸಣೆಯಲ್ಲಿ ರಕ್ತದ ಹಿಮೋಗ್ಲೋಬಿನ್ 8 ಗ್ರಾಮಿಗೆ ಇಳಿದದ್ದು ತಿಳಿಯಿತು; ಗರ್ಭಿಣಿಯರಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆಯೆಂದೇ ಲೆಕ್ಕ. ವೈದ್ಯೆ ವಿಚಾರಿಸಿದಾಗ, ಕಬ್ಬಿಣಾಂಶದ ಮಾತ್ರೆಯನ್ನು ಆ ಕೇಸರಿಹಾಲಿನೊಡನೆಯೇ ನುಂಗುತ್ತಿದ್ದೇನೆಂದು ಸೊಸೆ ತಿಳಿಸಿದಳು. ಹಾಲಿನಲ್ಲಿರುವ ಸುಣ್ಣದ ಅಂಶವು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಮಾತ್ರೆಯನ್ನು ನೀರಿನೊಡನೆಯೋ ನಿಂಬೆಯ ಪಾನಕದೊಡನೆಯೋ ತೆಗೆದುಕೊಂಡು, ಹಾಲು ಚಹಾಗಳನ್ನು ಎರಡು ತಾಸು ದೂರವಿಡಬೇಕೆಂದು ಅವರು ವಿವರಿಸಿದರು.

ಆ ರಾತ್ರಿ ಹಾಲಿನ ಲೋಟ ಬಂದಾಗ ಸೊಸೆ ಮೆಲ್ಲಗೆ ಕೇಳಿದಳು: “ಅಜ್ಜಿ, ಕೂಸು ಕಪ್ಪ ಹುಟ್ಟಿದರ ನೀವು ಎತ್ಕೊಳ್ಳೂದಿಲ್ಲೇನ್ರೀ?”

ನಮ್ಮ ತಾಯಿಯವರು ತುಸುಹೊತ್ತು ಸುಮ್ಮನಿದ್ದು ನಮ್ಮ ಕಡೆ ಕೈತೋರಿಸಿ ನಕ್ಕರು: “ನಿಮ್ಮ ಮಾವ ಏನ ಬೆಳ್ಳಗ ಹುಟ್ಟಿದ್ದನೇನವ್ವಾ? ಅಂವನ್ನ ನಾ ಕೆಳಗ ಇಳಿಸೇ ಇದ್ದಿಲ್ಲ.”

ಮರುದಿನದಿಂದ ಕೇಸರಿಯ ಡಬ್ಬಿ ಅಡುಗೆಮನೆಗೆ ಹೋಯಿತು. ಮಾತ್ರೆಯ ಕಾವಲು ನಮ್ಮ ತಾಯಿಯವರದಾಯಿತು. ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ 11ರ ಹತ್ತಿರಕ್ಕೆ ಬಂದಿತ್ತು. ಹುಟ್ಟಿದ ಹೆಣ್ಣುಕೂಸು ನಮ್ಮದೇ ಬಣ್ಣದ್ದು. ಮುತ್ತಜ್ಜಿಯ ತೊಡೆಯಿಂದ ಅವಳನ್ನು ಇಳಿಸಿಕೊಳ್ಳುವುದೇ ಮನೆಮಂದಿಗೆಲ್ಲ ಕಷ್ಟವಾಯಿತು.

ಇದು ಒಂದು ಮನೆಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ನಾಲ್ಕನೆಯ ತಿಂಗಳಿಂದ ಕನಿಷ್ಠ 180 ದಿನ ತೆಗೆದುಕೊಳ್ಳಬೇಕಾದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಹಣ ಕೊಟ್ಟು ತಂದ ಡಬ್ಬಿಗಿರುವ ಮರ್ಯಾದೆ ಪುಕ್ಕಟೆ ಬಂದ ಮಾತ್ರೆಗೆ ಇರುವುದಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಾಯಿಯನ್ನು ಕಾಯುವುದು ಅವಳ ಮೈಯಲ್ಲಿ ಮೊದಲೇ ಕೂಡಿದ ರಕ್ತ. ಇದನ್ನು ಮನೆಯ ಹಿರಿಯರು ಮರೆಯಬಾರದು.

ಹಾಗೆಂದು ಕೇಸರಿಯನ್ನು ಮನೆಯಿಂದ ಹೊರಗಟ್ಟಬೇಕಾಗಿಲ್ಲ. ಅದನ್ನು ಬಳಸುವ ಕ್ರಮವನ್ನು ಅರಿತರೆ ಸಾಕು. ನಾಲ್ಕೈದು ಎಳೆಗಳೆಂದರೆ ಸುಮಾರು 10 ಮಿಲಿಗ್ರಾಂ. ಒಂದು ಲೋಟ ಹಾಲಿಗೆ ಅಷ್ಟು ಧಾರಾಳ. ಬಿಸಿಹಾಲಿನಲ್ಲಿ ಅರ್ಧ ತಾಸು ನೆನೆಸಿದರೆ ಬಣ್ಣವೂ ಪರಿಮಳವೂ ಚೆನ್ನಾಗಿ ಬಿಡುತ್ತವೆ. ಬಾಯಿರುಚಿ ಕೆಟ್ಟವರಿಗೆ ಆ ಪರಿಮಳದಿಂದಲೇ ಹಾಲು ಸೇರುವುದುಂಟು. ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಬೆಳಕು ಬೀಳದೆಡೆ ಇಡಬೇಕು. ಆದರೆ ‘ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಮಾತು ಇಲ್ಲಿ ಸಲ್ಲದು. ಹೆಚ್ಚಿನ ಪ್ರಮಾಣದಲ್ಲಿ ಕೇಸರಿ ಗರ್ಭಕೋಶವನ್ನು ಕೆರಳಿಸಿ ಗರ್ಭಪಾತಕ್ಕೆ ಕಾರಣವಾಗಬಲ್ಲದು. 5 ಗ್ರಾಮಿಗೆ ಮೀರಿದರೆ ಅದು ವಿಷಕ್ಕೆ ಸಮಾನ. ರಕ್ತ ತಿಳಿಯಾಗಿಸುವ ಔಷಧಿ ಅಥವಾ ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಇದನ್ನು ನಿತ್ಯ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು. ಗರ್ಭಿಣಿಯರಿಗಂತೂ ಈ ಎಚ್ಚರ ಇಮ್ಮಡಿ ಅಗತ್ಯ.

ಕೊಳ್ಳುವಾಗ ಕಲಬೆರಕೆಯ ಭಯವೂ ಉಂಟು. ಅದರಲ್ಲಿ ಮೊದಲನೆಯದು ನಮ್ಮ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಎಲ್ಲರೂ ಬಲ್ಲ ಕುಸುಬೆಯ ಹೂವಿನ ಎಸಳು! ಎಣ್ಣೆಗೆಂದು ಬೆಳೆಯುವ ಕುಸುಬೆಯ ಒಣ ಎಸಳು ದೂರದಿಂದ ಕೇಸರಿಯಂತೆಯೇ ಕಾಣುತ್ತದೆ. ಬಣ್ಣ ಹಚ್ಚಿದ ಮೆಕ್ಕೆಜೋಳದ ರೇಷ್ಮೆಯೂ ಬೆರೆಯುವುದುಂಟು. ನಿಜವಾದ ಎಳೆ ಒಂದು ತುದಿಯಲ್ಲಿ ಕಹಳೆಯಂತೆ ಅಗಲವಾಗಿರುತ್ತದೆ. ಮೂಸಿದರೆ ಜೇನಿನಂಥ ವಾಸನೆ, ನಾಲಿಗೆಗೆ ಕಹಿ. ಬೆಚ್ಚಗಿನ ನೀರಿಗೆ ಹಾಕಿದರೆ ನೀರು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬಿಳುಪೇರಿದರೆ ಅದು ಬಣ್ಣ ಹಚ್ಚಿದ ಸರಕೆಂದು ತಿಳಿಯಬೇಕು.

ನಮ್ಮ ತಾಯಂದಿರಲ್ಲಿ, ಸಹೋದರಿಯರಲ್ಲಿ ನಾವು ವಿನಂತಿಸಿಕೊಳ್ಳುವುದಿಷ್ಟು. ಗರ್ಭಿಣಿಗೆ ಕೇಸರಿಹಾಲು ಕೊಡುವ ಆಸೆಯಿದ್ದರೆ ನಾಲ್ಕೆಳೆ ಹಾಕಿ ಕೊಡಿರಿ, ಪರಿಮಳಕ್ಕಾಗಿ ಕೊಡಿರಿ. ಅದಕ್ಕೂ ಮೊದಲು ಅವಳ ತಾಟಿನಲ್ಲಿ ಸೊಪ್ಪು, ಬೇಳೆ, ಮೊಳಕೆ ಕಾಳು ಬಿದ್ದಿವೆಯೇ, ಮಾತ್ರೆಯ ಚೀಟಿ ಖಾಲಿಯಾಗುತ್ತಿದೆಯೇ ಎಂದು ನೋಡಿರಿ. ಕೂಸಿನ ಬಣ್ಣದ ಮಾತನ್ನು ಅವಳ ಮುಂದೆ ಆಡದಿರಿ; ಒಂಬತ್ತು ತಿಂಗಳು ಆ ಭಾರವನ್ನೂ ಅವಳು ಹೊರಬೇಕಾಗಿಲ್ಲ. ಹುಟ್ಟಿದ ಮಗುವಿನ ಮುಖವನ್ನು ನೋಡಲು ಬಂದವರು ಮೊದಲು ‘ಯಾವ ಬಣ್ಣ?’ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿ ನಿಲ್ಲಲಿ, ‘ತಾಯಿ ಹೇಗಿದ್ದಾಳೆ?’ ಎಂದು ಕೇಳುವ ರೂಢಿ ಬೆಳೆಯಲಿ.