ಬಾಗಿದ ಗಾಜು, ಅಮ್ಮನ ಬೆರಳು

ವೈದ್ಯನಾದವನಿಗೆ ಸಂಘದ ಹಬ್ಬದೂಟದಲ್ಲೂ ರಜೆ ಇರುವುದಿಲ್ಲ. ಕೋಸಂಬರಿ ಬಡಿಸುವಷ್ಟರಲ್ಲಿ ಒಬ್ಬರು ಬಿಪಿ ಮಾತ್ರೆಯ ಬಗ್ಗೆ ಕೇಳುತ್ತಾರೆ, ಪಾಯಸ ಬರುವಷ್ಟರಲ್ಲಿ ಇನ್ನೊಬ್ಬರು ಸಕ್ಕರೆ ಕಾಯಿಲೆಯ ವರದಿ ಬಿಚ್ಚುತ್ತಾರೆ. ಹೆಸರಿನ ಜೊತೆ ಎಂ.ಬಿ.ಬಿ.ಎಸ್., ಎಂ.ಡಿ. ಎಂದು ಸೇರಿಸಿಕೊಂಡ ತಪ್ಪಿಗೆ ಇಷ್ಟು ಅನುಭವಿಸಲೇಬೇಕು! ಆದರೆ ಈಚೆಗೆ ನನ್ನ ಬಳಿ ಬೇರೆಯೇ ಬಗೆಯ ರೋಗಿಗಳು ಬರುತ್ತಿದ್ದಾರೆ.

"ಡಾಕ್ಟ್ರೇ, ಇದರ ಮೇಲಿನ ಗಾಜು ಒಡೆದುಹೋಗಿದೆ. ಕೀಳೋಕೆ ಹೋದ್ರೆ ಒಳಗಿನ ಸ್ಕ್ರೀನೂ ಕಿತ್ತು ಬರುತ್ತೇನೋ ಅಂತ ಭಯ. ನೀವೇ ಒಂದು ಆಪರೇಷನ್ ಮಾಡಿಬಿಡಿ" ಎಂದು ಕಳೆದ ವರ್ಷ ಮಿತ್ರರೊಬ್ಬರು ಬಾಳೆಎಲೆಯ ಪಕ್ಕದಲ್ಲೇ ಮೊಬೈಲ್ ಇಟ್ಟರು. ಅಂಚಿನಲ್ಲಿ ಬಾಗಿದ ಪರದೆಯ ಫೋನ್. ನನ್ನ ಹೆಂಡತಿ ನಕ್ಕು, "ಇವರು ಈಗ ಮೊಬೈಲಿನ ಚರ್ಮವೈದ್ಯರು" ಎಂದಳು. ಈ ಬಿರುದು ನನಗೆ ಬಂದದ್ದು ಹೇಗೆ ಎಂಬುದನ್ನು ಹೇಳಬೇಕೆಂದೇ ಈ ಬರಹ. ಅದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆಯೂ ಇದೆ.

ನಾವಿರುವುದು ಐರ್ಲೆಂಡಿನ ತೆಂಕಣ ಭಾಗದ ವಾಟರ್‌ಫರ್ಡ್‌ನಲ್ಲಿ. ಹೇಳಿಕೇಳಿ ಇದು ಗಾಜಿನ ಊರು. 1783ರಲ್ಲಿ ಪೆನ್‌ರೋಸ್ ಮನೆತನದವರು ಇಲ್ಲಿ ಗಾಜಿನ ಕಾರ್ಖಾನೆ ಆರಂಭಿಸಿದರು. ಅದು 1851ರಲ್ಲಿ ಮುಚ್ಚಿಹೋಗಿ, ಸುಮಾರು ನೂರು ವರ್ಷಗಳ ನಂತರ 1947ರಲ್ಲಿ ಮತ್ತೆ ಹುಟ್ಟಿತು. 2009ರಲ್ಲಿ ದೊಡ್ಡ ಕಾರ್ಖಾನೆಗೆ ಬೀಗ ಬಿದ್ದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಮರುವರ್ಷ ಊರ ನಡುವೆ ಚಿಕ್ಕದಾಗಿ ಮತ್ತೆ ಶುರುವಾಯಿತು. ಇಂಥ ಊರಿನಲ್ಲಿದ್ದುಕೊಂಡು ಅಂಗೈ ಅಗಲದ ಒಂದು ಗಾಜಿನ ವಿಷಯದಲ್ಲಿ ನಾನು ಮೋಸಹೋದೆ.

ಬಾಗಿದ ಪರದೆಯ ಫೋನ್‌ಗಳ ಕಾಲ ನಿಮಗೆ ನೆನಪಿರಬಹುದು. 2014ರಲ್ಲಿ ಸ್ಯಾಮ್‌ಸಂಗ್‌ನವರು ಒಂದು ಅಂಚು ಮಾತ್ರ ಬಾಗಿದ 'ನೋಟ್ ಎಡ್ಜ್' ತಂದರು. ಮರುವರ್ಷ ಎರಡೂ ಅಂಚು ಬಾಗಿದ 'ಎಸ್6 ಎಡ್ಜ್' ಬಂತು. ಆಮೇಲೆ ಹಲವು ಕಂಪನಿಗಳು ಅದೇ ದಾರಿ ಹಿಡಿದವು. ನೋಡಲು ಜಲಪಾತದ ಹಾಗೆ ಅಂಚಿನಿಂದ ಇಳಿಯುವ ಬೆಳಕು. ತೀರ್ಥಹಳ್ಳಿಯ ಹತ್ತಿರ ಒಬ್ಬರೇ ಇರುವ ಅಮ್ಮನಿಗೆ ಅಂಥದ್ದೇ ಒಂದನ್ನು ಕೊಡಬೇಕೆಂದು 2020ರ ಜನವರಿಯಲ್ಲಿ ಕೊಂಡೊಯ್ದೆ. ಅಪ್ಪ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಇಷ್ಟು ದುಬಾರಿ ಫೋನ್ ಅಂಗಳದ ಕಲ್ಲಿನ ಮೇಲೆ ಬಿದ್ದರೆ? ಹಾಗಾಗಿ ಹೊರಡುವ ಹಿಂದಿನ ದಿನ ಇಲ್ಲಿಯ ಅಂಗಡಿಯೊಂದರಲ್ಲಿ ಅದಕ್ಕೆ ಒಂದು ಗಾಜಿನ ಹೊದಿಕೆ ಕೊಂಡು, ನಾನೇ ಅಂಟಿಸಿದೆ. ಪೆಟ್ಟಿಗೆಯ ಮೇಲೆ '9ಎಚ್' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇನ್ನೇನು ಭಯವಿಲ್ಲ ಅಂದುಕೊಂಡೆ.

ಎರಡೇ ತಿಂಗಳಲ್ಲಿ ಕೋವಿಡ್ ಬಂತು. ಮಾರ್ಚ್ ಕೊನೆಯಲ್ಲಿ ಭಾರತದ ವಿಮಾನಗಳು ನಿಂತವು, 27ರಂದು ಐರ್ಲೆಂಡಿನಲ್ಲೂ ಮನೆಯಲ್ಲೇ ಇರಿ ಎಂಬ ಆದೇಶ ಹೊರಟಿತು. ಆಸ್ಪತ್ರೆಯಲ್ಲಿ ನಮ್ಮ ಪಾಡು ಏನಾಗಿತ್ತೆಂದು ಇಲ್ಲಿಯ ವೈದ್ಯ, ನರ್ಸ್ ಕುಟುಂಬಗಳಿಗೆ ಹೇಳಬೇಕಾಗಿಲ್ಲ. ವಾರವಿಡೀ ಮುಖಗವಸಿನ ಹಿಂದೆ ಇದ್ದವನಿಗೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ವಿಡಿಯೋ ಕರೆಯೇ ಉಸಿರು. ಅಲ್ಲಿ ಅಮ್ಮ ಊಟ ಮುಗಿಸಿ ಜಗಲಿಯಲ್ಲಿ ಕೂತಿರುವ ಹೊತ್ತು. "ಮುಖ ಯಾಕೋ ಇಳಿದುಹೋಗಿದೆ? ಸರಿಯಾಗಿ ಉಣ್ತಿದೀಯೋ ಇಲ್ವೋ?" ಎಂದು ಅವರು ಕೇಳಿದರೆ ಮುಂದಿನ ವಾರಕ್ಕೆ ಶಕ್ತಿ ಬರುತ್ತಿತ್ತು.

ಆ ಮಳೆಗಾಲದ ನಡುವೆ ಅಮ್ಮ ವಿಡಿಯೋ ಕರೆ ತೆಗೆಯುವುದನ್ನು ನಿಲ್ಲಿಸಿದರು. ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಲ್ಯಾಂಡ್‌ಲೈನಿಗೆ ಮಾಡಿದರೆ, "ಬಿಡೋ, ಧ್ವನಿ ಕೇಳಿದ್ರೆ ಸಾಕು. ಮುಖ ನೋಡಿ ಏನಾಗಬೇಕು?" ಎನ್ನುತ್ತಿದ್ದರು. ಆ ಮಾತು ನನ್ನನ್ನು ಚುಚ್ಚಿತು. ಅಪ್ಪನ ತಿಥಿಗೆ ಆ ವರ್ಷ ನಾನು ಹೋಗಿರಲಿಲ್ಲ, ಹೋಗುವ ಹಾಗೂ ಇರಲಿಲ್ಲ. ಅಮ್ಮ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಕೇಳಲು ಧೈರ್ಯವಾಗಲಿಲ್ಲ. ಮಾತು ವಾರ ವಾರಕ್ಕೂ ಚಿಕ್ಕದಾಯಿತು. ಹೀಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

2022ರ ಮಾರ್ಚ್ 27ರಂದು ಭಾರತಕ್ಕೆ ಎಂದಿನ ವಿಮಾನಗಳು ಮತ್ತೆ ಆರಂಭವಾದವು. ಏಪ್ರಿಲ್ 2ರ ಯುಗಾದಿಗೆ ಊರಿನಲ್ಲಿದ್ದೆ. ಅಮ್ಮ ಇಳಿದುಹೋಗಿದ್ದರು, ಆದರೆ ಮುನಿಸಿನ ಸುಳಿವೇ ಇಲ್ಲ. ಹೋಳಿಗೆಗೆ ಕೈಯಾರೆ ತುಪ್ಪ ಸುರಿದರು. ಸಂಜೆ ನಾನೇ ಬಾಯಿಬಿಟ್ಟು ಕೇಳಿದೆ. ಅಮ್ಮ ಸುಮ್ಮನೆ ಒಳಗೆ ಹೋಗಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಫೋನ್ ತಂದು ನನ್ನ ಕೈಗಿಟ್ಟರು.

"ನಾನು ಕೆಡಿಸಿಬಿಟ್ಟೆ ಮಾರಾಯ. ಹಿತ್ತಲ ಮೆಟ್ಟಿಲ ಮೇಲೆ ಬಿತ್ತು. ಆಮೇಲೆ ಎಷ್ಟು ಎಳೆದರೂ ಹಸಿರು ಗುಂಡಿ ಮೇಲೇಳಲೇ ಇಲ್ಲ. ನನ್ನ ಬೆರಳು ಅದಕ್ಕೆ ಗುರುತೇ ಸಿಗ್ತಿರಲಿಲ್ಲ. ಅಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಅಲ್ಲಿ ಕಷ್ಟದಲ್ಲಿದ್ದೀಯ, ಹೇಗೆ ಹೇಳಲಿ?"

ಗಾಜಿನ ಮೇಲೆ ಜೇಡರ ಬಲೆಯಂಥ ಬಿರುಕು. ಅಂಚಿನಲ್ಲಿ ಉಗುರು ಆಡಿಸಿ, ದೀಪದ ಬೆಳಕಿನಲ್ಲಿ ಓರೆಯಾಗಿಟ್ಟು ನೋಡಿದೆ. ಬಿರುಕು ಮೇಲಿನ ಹೊದಿಕೆಗೆ ಮಾತ್ರ ಸೀಮಿತ. ಚಾರ್ಜಿಗೆ ಹಾಕಿದಾಗ ಚಿತ್ರ ಸ್ವಚ್ಛವಾಗಿ ಬಂತು, ಗೆರೆಯಿಲ್ಲ, ಕಪ್ಪು ಕಲೆಯಿಲ್ಲ. ಅಂದರೆ ಫೋನ್ ಕೆಟ್ಟೇ ಇರಲಿಲ್ಲ. ಕೆಟ್ಟಿದ್ದು ನಾನು ಅಂಟಿಸಿದ ಗಾಜು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಏನಾಗಿತ್ತೆಂದರೆ, ಬಾಗಿದ ಪರದೆಗೆ ಗಟ್ಟಿ ಗಾಜು ಎಲ್ಲ ಕಡೆ ಅಂಟಿ ಕೂರುವುದು ಕಷ್ಟ. ಅಗ್ಗದ ಹೊದಿಕೆಗಳಲ್ಲಿ ಸುತ್ತಲಿನ ಅಂಚಿಗೆ ಮಾತ್ರ ಗೋಂದು ಇರುತ್ತದೆ, ನಡುವೆ ತೆಳುವಾದ ಗಾಳಿಯ ಪದರ. ನಾವು ಮುಟ್ಟಿದ್ದು ಪರದೆಗೆ ತಿಳಿಯುವುದು ಬೆರಳು ಅಲ್ಲಿಯ ವಿದ್ಯುತ್ ಕ್ಷೇತ್ರವನ್ನು ಅಲುಗಿಸುವುದರಿಂದ. ನಡುವೆ ಗಾಳಿ ಬಂದಷ್ಟೂ ಆ ಸೂಚನೆ ಕ್ಷೀಣಿಸುತ್ತದೆ. ಬಿದ್ದ ಮೇಲೆ ಒಂದು ಅಂಚು ಎದ್ದು ಅಂತರ ಇನ್ನೂ ಹೆಚ್ಚಿತ್ತು. ಸಾಲದ್ದಕ್ಕೆ ವಯಸ್ಸಾದವರ ಬೆರಳು ಒಣಗಿರುತ್ತದೆ, ಪಾತ್ರೆ ತಿಕ್ಕಿ, ಸೊಪ್ಪು ಹೆಚ್ಚಿ ರೇಖೆಗಳೂ ಸವೆದಿರುತ್ತವೆ. ಆ ಫೋನ್ ಬೆರಳಚ್ಚನ್ನು ಓದುತ್ತಿದ್ದುದು ಶಬ್ದತರಂಗದಿಂದ. ಹೊಟ್ಟೆಯ ಸ್ಕ್ಯಾನಿಂಗ್ ಮಾಡುವಾಗ ಜೆಲ್ ಹಚ್ಚುವುದು ಯಾಕೆ? ನಡುವೆ ಗಾಳಿಯಿದ್ದರೆ ಅಲ್ಟ್ರಾಸೌಂಡ್ ಒಳಗೆ ಹೋಗದೆ ಹಿಂತಿರುಗುತ್ತದೆ. ಎಂ.ಡಿ. ಮಾಡಿದವನಿಗೆ ಇಷ್ಟು ಹೊಳೆಯಬಾರದೇ!

ಅಂದೇ ಅಡುಗೆಮನೆಯ ಮೇಜಿನ ಮೇಲೆ ಶಸ್ತ್ರಕ್ರಿಯೆ ನಡೆಯಿತು. ಮೊದಲು ಫೋನ್ ಆರಿಸಿದೆ. ಕನ್ನಡಕ ಹಾಕಿಕೊಂಡೆ, ಗಾಜಿನ ಚೂರು ಕಣ್ಣಿಗೆ ಸಿಡಿಯಬಾರದಲ್ಲ. ಬಿರುಕಿನ ಮೇಲೆ ಉದ್ದಕ್ಕೂ ಅಗಲವಾದ ಸೆಲ್ಲೋಟೇಪ್ ಹಚ್ಚಿದೆ, ಒಡೆದರೂ ಚೂರುಗಳು ಚದುರದ ಹಾಗೆ. ಇಲ್ಲಿಯಾದರೆ ಕೂದಲು ಒಣಗಿಸುವ ಡ್ರೈಯರ್ ದೂರದಿಂದ ಹಿಡಿಯಬಹುದು. ಅಲ್ಲಿ ಅಮ್ಮನ ಮಂಡಿನೋವಿನ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಎರಡು ನಿಮಿಷ ಅಂಚಿನ ಮೇಲಿಟ್ಟೆ. ಗೋಂದು ಮೆತ್ತಗಾಗಲು ಕೈಗೆ ಬೆಚ್ಚಗೆನಿಸಿದರೆ ಸಾಕು, ಸುಡುವ ಬಿಸಿ ಬ್ಯಾಟರಿಗೆ ಕೆಟ್ಟದ್ದು. ಎದ್ದಿದ್ದ ಮೂಲೆಯಲ್ಲಿ ಹಳೆಯ ಎಟಿಎಂ ಕಾರ್ಡಿನ ತುದಿ ತೂರಿಸಿ, ಅಮ್ಮ ಕೊಟ್ಟ ಹೂ ಕಟ್ಟುವ ನೂಲನ್ನು ಒಳಗೆ ಎಳೆದು, ಗರಗಸದಂತೆ ಮೆಲ್ಲಗೆ ಆಡಿಸುತ್ತ ಅಂಚಿನುದ್ದಕ್ಕೂ ಸಾಗಿದೆ. ಬ್ಲೇಡು, ಚಾಕು ಹತ್ತಿರ ತರಲಿಲ್ಲ. ಗಾಯದ ಪಟ್ಟಿಯನ್ನು ಮೇಲಕ್ಕೆ ಕಿತ್ತರೆ ಚರ್ಮ ಕಿತ್ತುಬರುತ್ತದೆ, ಚರ್ಮಕ್ಕೆ ಒರಗಿಸಿಕೊಂಡು ಮೆಲ್ಲಗೆ ಬಿಡಿಸಬೇಕು ಎಂದು ದಾವಣಗೆರೆಯಲ್ಲಿ ಓದುವಾಗ ವಾರ್ಡಿನ ಸಿಸ್ಟರ್ ಒಬ್ಬರು ಕಲಿಸಿದ್ದರು. ಗಾಜಿಗೂ ಅದೇ ನಿಯಮ. ಹತ್ತು ನಿಮಿಷದಲ್ಲಿ ಇಡೀ ಹೊದಿಕೆ ಟೇಪಿನ ಜೊತೆ ಎದ್ದು ಬಂತು. ಉಳಿದ ಗೋಂದನ್ನು ಇಂಜೆಕ್ಷನ್ನಿಗೆ ಮೊದಲು ಒರೆಸುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನ ಬಟ್ಟೆಯಿಂದ ಒರೆಸಿದೆ. ಉಗುರುಬಣ್ಣ ತೆಗೆಯುವ ದ್ರವವನ್ನು ಮಾತ್ರ ಬಳಸಬೇಡಿ.

ಕೆಳಗಿನ ಪರದೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದ ಕೋಣೆಗೆ ಹೋಗಿ ನನ್ನ ಫೋನಿನಿಂದ ವಿಡಿಯೋ ಕರೆ ಮಾಡಿದೆ. ಅಮ್ಮ ಒಂದೇ ಸಲಕ್ಕೆ ಎಳೆದರು. ಗೋಡೆಯ ಆಚೆಗಿದ್ದ ಅಮ್ಮನ ಮುಖ ನನ್ನ ಅಂಗೈಯಲ್ಲಿ ಮೂಡಿತು. "ಓ, ಬಂದ್ಯಾ!" ಎಂದರು. ನನಗೆ ಮಾತು ಹೊರಡಲಿಲ್ಲ. ರೋಗಿಗೆ ಹತ್ತು ಪ್ರಶ್ನೆ ಕೇಳದೆ ಔಷಧಿ ಬರೆಯದವನು, ಹೆತ್ತ ತಾಯಿಗೆ "ಯಾಕಮ್ಮ ತೆಗೀತಿಲ್ಲ?" ಎಂಬ ಒಂದು ಪ್ರಶ್ನೆ ಕೇಳದೆ ಒಂದೂವರೆ ವರ್ಷ ಕಳೆದಿದ್ದೆ.

ಆಮೇಲೆ ಈ ವಿಷಯವನ್ನು ಓದಿ, ಮಾಡಿ ಕಲಿತೆ. ನಿಮಗೂ ಉಪಯೋಗವಾಗಲಿ ಎಂದು ಸ್ವಲ್ಪ ಹೇಳುತ್ತೇನೆ. '9ಎಚ್' ಎಂಬುದು ಪೆನ್ಸಿಲಿನ ಗಡಸುತನದ ಲೆಕ್ಕ, ಖನಿಜಗಳಿಗೆ ಬಳಸುವ ಮೋಸ್ ಮಾಪನದ 9 ಅಲ್ಲ. ಆ ಮಾಪನದಲ್ಲಿ ಗಾಜು ಸುಮಾರು 6ರ ಆಸುಪಾಸಿನಲ್ಲಿದ್ದರೆ ಮರಳಿನ ಸ್ಫಟಿಕ 7. ಹಾಗಾಗಿ ಜೇಬಿನ ಬೀಗದಕೈಗಿಂತ ಟ್ರಮೋರ್ ಕಡಲತೀರದಿಂದ ಜೇಬಿನಲ್ಲಿ ಬಂದ ಒಂದು ಚಿಟಿಕೆ ಮರಳೇ ಪರದೆಗೆ ದೊಡ್ಡ ಶತ್ರು.

ಬಾಗಿದ ಪರದೆಗೆ ಅಂಚಿನಲ್ಲಷ್ಟೇ ಗೋಂದಿರುವ ಗಾಜು ಬೇಡ. ಗಾಜೇ ಬೇಕೆಂದರೆ ದ್ರವದ ಗೋಂದು ಸುರಿದು ನೇರಳಾತೀತ ದೀಪದಿಂದ ಗಟ್ಟಿಮಾಡುವ ಬಗೆಯಿದೆ. ದಂತವೈದ್ಯರು ಹಲ್ಲು ತುಂಬಿಸಿ ನೀಲಿ ದೀಪ ಹಿಡಿಯುವುದಿಲ್ಲವೇ, ಅದರ ತಮ್ಮ ಎನ್ನಿ. ಗಾಳಿಯಿಲ್ಲದೆ ಚೆನ್ನಾಗಿ ಕೂರುತ್ತದೆ. ಆದರೆ ನನ್ನ ಮಗಳು ಅದನ್ನು ಹಾಕಿಕೊಂಡಾಗ ಗೋಂದು ಮಾತು ಕೇಳಿಸುವ ರಂಧ್ರಕ್ಕೆ ಇಳಿದು, ಅವಳ ಗೆಳತಿಯರೆಲ್ಲ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು! ತೆಗೆಯುವುದೂ ಕಷ್ಟ. ಇದನ್ನು ಬಲ್ಲವರ ಕೈಯಲ್ಲೇ ಹಾಕಿಸಿ, ಅವರ ಕೈಯಲ್ಲೇ ತೆಗೆಸಿ.

ಹಿರಿಯರಿಗೆ ನನ್ನ ಚೀಟಿ ಇಷ್ಟೇ: ಟಿಪಿಯು ಎಂಬ ಮೆತ್ತನೆಯ ತೆಳು ಹಾಳೆ, ಜೊತೆಗೆ ಅಂಚು ಸ್ವಲ್ಪ ಎತ್ತರವಿರುವ ಕವಚ. ಗಾಯದ ಮೇಲೆ ಹಚ್ಚುವ ಪಾರದರ್ಶಕ ಪಟ್ಟಿಯ ಹಾಗೆ ಈ ಹಾಳೆ ಬಾಗುವಲ್ಲಿ ಬಾಗುತ್ತದೆ. ಗೀರು ತಡೆಯುತ್ತದೆ, ಬಿದ್ದ ಪೆಟ್ಟನ್ನು ಕವಚ ತಡೆಯಬೇಕು. ಹಾಕುವ ಮುಂಚೆ ಬಿಸಿನೀರಿನ ಸ್ನಾನ ಮುಗಿದ ಬಚ್ಚಲುಮನೆಗೆ ಹೋಗಿ, ಆವಿಗೆ ಧೂಳು ಕೆಳಗೆ ಕೂತಿರುತ್ತದೆ. ಹಾಕಿದ ಮೇಲೆ ಬೆರಳಚ್ಚನ್ನು ಹೊಸದಾಗಿ ದಾಖಲಿಸಿ, ಒಂದೇ ಬೆರಳನ್ನು ಎರಡು ಸಲ ಕೊಟ್ಟರೆ ಇನ್ನೂ ಒಳ್ಳೆಯದು. ಹಲವು ಫೋನ್‌ಗಳಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆಯಿದೆ, ಅದನ್ನೂ ಒತ್ತಿಡಿ. ಇದು ತಮಾಷೆಯ ವಿಷಯವಲ್ಲ. 2019ರಲ್ಲಿ ಗ್ಯಾಲಕ್ಸಿ ಎಸ್10 ಫೋನಿಗೆ ಒಂದು ಬಗೆಯ ಜೆಲ್ ಹೊದಿಕೆ ಹಾಕಿದಾಗ ಯಾರ ಬೆರಳಿಗೂ ಬೀಗ ತೆರೆದುಕೊಳ್ಳುತ್ತಿತ್ತು. ಕಂಪನಿ ತಂತ್ರಾಂಶ ಸರಿಪಡಿಸಬೇಕಾಯಿತು. ಹೊದಿಕೆಯಿಂದಾಗಿ ಫೋನ್ ತನ್ನವರನ್ನು ಹೊರಗಿಡಲೂಬಹುದು, ಪರರನ್ನು ಒಳಗೆ ಬಿಡಲೂಬಹುದು.

ಈಗ ಆ ಬಾಗು ಮತ್ತೆ ನೇರವಾಗುತ್ತಿದೆ. 2023ರಲ್ಲಿ ಗೂಗಲ್‌ನ ಪಿಕ್ಸೆಲ್ 8 ಪ್ರೊ, 2024ರಲ್ಲಿ ಸ್ಯಾಮ್‌ಸಂಗ್‌ನ ಎಸ್24 ಅಲ್ಟ್ರಾ ಚಪ್ಪಟೆ ಪರದೆಗೆ ಮರಳಿದವು. ಆದರೆ ನಾವು ಊರಿಗೆ ಕೊಂಡೊಯ್ದು ಕೊಟ್ಟ ಹಳೆಯ ಫೋನ್‌ಗಳು ಅಪ್ಪ ಅಮ್ಮಂದಿರ ಕೈಯಲ್ಲಿ ಇನ್ನೂ ಇವೆ. ಈ ದೀಪಾವಳಿಗೆ ಮಾತಾಡುವಾಗ, ಫೋನ್ ಸರಿಯಾಗಿದೆಯೇ, ಬೆರಳಿಗೆ ತೆರೆದುಕೊಳ್ಳುತ್ತಿದೆಯೇ ಎಂದು ಒಮ್ಮೆ ಕೇಳಿ. ಅವರಾಗಿ ಹೇಳುವುದಿಲ್ಲ.

2023ರ ಬೇಸಿಗೆಯಲ್ಲಿ ಅಮ್ಮ ವಾಟರ್‌ಫರ್ಡ್‌ಗೆ ಬಂದಿದ್ದರು. ಗಾಜಿನ ಕಾರ್ಖಾನೆ ತೋರಿಸಲು ಕರೆದೊಯ್ದೆ. ಕೆತ್ತನೆಯ ಹೂದಾನಿ, ಬಟ್ಟಲು, ದೀಪಗುಚ್ಛ, ಎಲ್ಲವನ್ನೂ ಸೆರಗು ಒತ್ತಿ ಹಿಡಿದುಕೊಂಡು ಜಾಗರೂಕತೆಯಿಂದ ನೋಡುತ್ತ ಬಂದರು. ಕೊನೆಗೆ ಒಂದು ದೊಡ್ಡ ಬಟ್ಟಲಿನ ಮುಂದೆ ನಿಂತು, ಬೆಲೆ ಕೇಳಿ ಹೌಹಾರಿ, ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು:

"ಅಲ್ಲೋ, ಇಷ್ಟು ಬೆಲೆ ಬಾಳುವುದರ ಮೇಲೆ ಇವರು ಇನ್ನೊಂದು ಗಾಜು ಅಂಟಿಸಿಲ್ವಲ್ಲೋ?"