ಓಡಿಹೋಗದ ಹಲ್ಲಿ

ಗಾಲಪಗೋಸ್ ನೌಕಾಪ್ರವಾಸದ ಜಾಹೀರಾತೊಂದು ಬೆಳಿಗ್ಗೆಯೇ ಕಣ್ಣಿಗೆ ಬಿದ್ದರೆ ಖುಷಿಯಾಗಬೇಕು. ಆದರೆ ಅದರಲ್ಲಿದ್ದ ಒಂದು ಮಾತು ಕಾಫಿ ಆರಿದ ಮೇಲೂ ಚುಚ್ಚುತ್ತಲೇ ಇತ್ತು: ಅಲ್ಲಿನ ಪ್ರಾಣಿಗಳು ಪ್ರವಾಸಿಗರ ಗೆಳೆಯರಂತೆ! ಗೆಳೆತನ ಎಲ್ಲಿಂದ ಬಂತು? ಈಕ್ವೆಡಾರ್ ತೀರದಿಂದ ಸುಮಾರು 1,000 ಕಿ.ಮೀ. ದೂರದ ಆ ಜ್ವಾಲಾಮುಖಿ ದ್ವೀಪಗಳನ್ನು ದೊಡ್ಡ ಬೇಟೆಮೃಗಗಳು ಮುಟ್ಟಲೇ ಇಲ್ಲ. ಹೆದರಿಸುವವರಿಲ್ಲದ ಕಡೆ ಹೆದರಿಕೆ ಬೆಳೆಯಲಿಲ್ಲ, ಅಷ್ಟೆ.

ನೀಲಿ ಪಾದದ ಬೂಬಿ, ಕಡಲಾಮೆ, ಪೆಂಗ್ವಿನ್‌ಗಳ ಚಿತ್ರ ಎಲ್ಲರೂ ನೋಡಿದ್ದಾರೆ. ಸ್ನಾರ್ಕಲ್ ತೊಟ್ಟು ನೀರಿಗಿಳಿದವರ ಕ್ಯಾಮೆರಾಗಳು ಕಡಲಸಿಂಹದ ಮರಿಗಳತ್ತಲೇ ತಿರುಗುತ್ತವೆ. ತುಸು ಆಚೆ, ಬಂಡೆಗೆ ಉಗುರೂರಿ ಪಾಚಿ ಮೇಯುತ್ತಿರುವ ಕಡಲ ಇಗ್ವಾನಾದ ಬಳಿ ಸುಮ್ಮನೆ ತೇಲುತ್ತ ಉಳಿದವರೇ ಪುಣ್ಯವಂತರು. ಕಡಲಲ್ಲಿ ಮೇಯುವ ಹಲ್ಲಿ ಜಗತ್ತಿನಲ್ಲಿ ಇದೊಂದೇ. ಹೆಣ್ಣುಗಳೂ ಮರಿಗಳೂ ಇಳಿತದಲ್ಲಿ ತೆರೆದುಕೊಂಡ ಬಂಡೆಗಳಲ್ಲೇ ಹೊಟ್ಟೆ ಹೊರೆದುಕೊಳ್ಳುತ್ತವೆ. ಆಳಕ್ಕೆ ಮುಳುಗುವವು ಹೆಚ್ಚಾಗಿ ದೊಡ್ಡ ಗಂಡುಗಳು. ತಣ್ಣೀರಲ್ಲಿ ಅವುಗಳ ಮೈ ತಣ್ಣಗಾಗುತ್ತ ಹೋಗುತ್ತದೆ. ಮೇಲೆ ಬಂದು ಲಾವಾ ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡರೇನೇ ತಿಂದದ್ದು ಅರಗೀತು. ಹೆಚ್ಚಿನ ಉಪ್ಪನ್ನು ಮೂಗಿನಿಂದ ಚಿಮ್ಮಿಸಿಬಿಡುತ್ತವೆ. ಆ ಹೊತ್ತಿನಲ್ಲಿ ಸೆಲ್ಫಿಗೆಂದು ಅಡ್ಡ ನಿಲ್ಲುವುದು ಉಣ್ಣುವವರ ಮುಂದಿನ ಎಲೆ ಎಳೆದಂತೆ. ಎರಡು ಮೀಟರ್ ದೂರವಿರಬೇಕೆಂಬ ಅಲ್ಲಿನ ರಾಷ್ಟ್ರೀಯ ಉದ್ಯಾನದ ನಿಯಮವನ್ನು ಪ್ರವಾಸಿಗರು ಮನಸಾರೆ ಪಾಲಿಸಬೇಕು.

1835ರಲ್ಲಿ ಇಂಥ ನಿಯಮವಿರಲಿಲ್ಲ. 26ರ ತರುಣ ಡಾರ್ವಿನ್ ಒಂದು ಇಗ್ವಾನಾವನ್ನು ಎತ್ತಿ, ಇಳಿತ ಉಳಿಸಿಹೋದ ನೀರಿನ ಮಡುವಿಗೆ ಎಸೆದ. ಅದು ನೇರವಾಗಿ ಅವನು ನಿಂತಲ್ಲಿಗೇ ಈಜಿ ಬಂತು. ಮತ್ತೆ ಎಸೆದ, ಮತ್ತೆ ಬಂತು. ದಡದಲ್ಲಿ ಅದಕ್ಕೆ ಶತ್ರುಗಳಿಲ್ಲ, ಕಡಲಲ್ಲಿ ಶಾರ್ಕ್‌ಗಳಿವೆ. ಹಾಗಾಗಿ ದಡವೇ ಅದರ ಆಸರೆ ಎಂದು ಅವನು ಊಹಿಸಿದ. ಊಹೆ ಸೊಗಸಾಗಿದೆ. ಆದರೂ ಎಸೆದ ಕೈಯ ಬಳಿಗೇ ಮರಳುವ ಆ ಜೀವವನ್ನು ನೆನೆದರೆ ಸಂಕಟವಾಗುತ್ತದೆ. ಮನುಷ್ಯರು ತಂದ ನಾಯಿ, ಬೆಕ್ಕುಗಳು ಈಗ ಅದೇ ದಡದಲ್ಲಿವೆ.

ನೀರಿನ ಕಷ್ಟ ಬೇರೆ ಥರದ್ದು. ಎಲ್ ನಿನೋ ಎಂದರೆ ಕರ್ನಾಟಕದ ರೈತನಿಗೆ ಮುಂಗಾರಿನ ಚಿಂತೆ. ಅಲ್ಲಿ ಕಡಲು ಬೆಚ್ಚಗಾಗಿ ಇಗ್ವಾನಾ ತಿನ್ನುವ ಪಾಚಿಯೇ ನಾಶವಾಗುತ್ತದೆ. ಅಂಥ ವರ್ಷಗಳಲ್ಲಿ ಅವು ಬಡಕಲಾಗುವುದಷ್ಟೇ ಅಲ್ಲ, ಗಿಡ್ಡವೂ ಆಗುತ್ತವೆ. ದೇಹದ ಉದ್ದವೇ ಶೇ 20ರವರೆಗೂ ಕುಗ್ಗಬಹುದೆಂದು ಮಾರ್ಟಿನ್ ವಿಕೆಲ್ಸ್ಕಿ ಮತ್ತು ಕೊರಿನಾ ಟಾಮ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮೂಳೆಯೂ ಕರಗುತ್ತಿರಬೇಕು. ಪಾಚಿ ಚಿಗುರಿದಾಗ ಮತ್ತೆ ಬೆಳೆಯುತ್ತವೆ!

ಬೆಚ್ಚಗಾದ ಕಡಲು ದ್ವೀಪಗಳ ಮೇಲೆ ಧಾರಾಕಾರ ಮಳೆಯನ್ನೂ ಸುರಿಸುತ್ತದೆ. 1982–83ರಲ್ಲಿ ಹಾಗೇ ಆಯಿತು: ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಅಧ್ಯಯನ ಮಾಡುತ್ತಿದ್ದ ಡಾಫ್ನೆ ಮೇಜರ್ ದ್ವೀಪ ಹಸಿರಾಗಿ, ಫಿಂಚ್ ಹಕ್ಕಿಗಳು ಮರಿಗಳ ಮೇಲೆ ಮರಿ ಮಾಡಿದವು.