ಮಗಳ ಟೆಂಟು, ಅಪ್ಪನ ಮಾತು

ಟೆಂಟು ಎಂದರೆ ನನಗೆ ಗೊತ್ತಿದ್ದುದು ಎರಡೇ. ಒಂದು, ಹಿರಿಯರು ಹೇಳುತ್ತಿದ್ದ ಟೂರಿಂಗ್ ಟಾಕೀಸಿನದು. ಇನ್ನೊಂದು ಮದುವೆಮನೆಯ ಶಾಮಿಯಾನ. ಮೂರನೆಯದೊಂದು ಊರಿಗಾಂನ ನಮ್ಮ ಮನೆಯ ಅಟ್ಟದ ಮೇಲೇ ಇದೆಯೆಂದು ತಿಳಿದದ್ದು ದಸರಾ ಗೊಂಬೆ ಇಳಿಸಲು ಹತ್ತಿದಾಗ. ಬೂಷ್ಟು ಹಿಡಿದ ಬಟ್ಟೆಯ ಗಂಟು, ಅದರೊಳಗೆ ಸೀಳಿಹೋದ ಕಡ್ಡಿಗಳು!

ಮಗಳು ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗಿಬರುವವಳು. ಕೋಲಾರದ ಅಂತರಗಂಗೆ ಬೆಟ್ಟದಿಂದ ಶುರುವಾದ ಅವಳ ಹುಚ್ಚು ಚಿಕ್ಕಮಗಳೂರಿನವರೆಗೆ ಹೋಗಿತ್ತು. ಅಲ್ಲೊಂದು ಮಳೆಯ ರಾತ್ರಿ ಈ ಅಗ್ಗದ ಟೆಂಟು ಮುರಿದುಬಿದ್ದು, ಮೂವರು ಹುಡುಗಿಯರು ಬಂಡೆಯ ಮರೆಯಲ್ಲಿ ನಡುಗುತ್ತಾ ಬೆಳಗು ಮಾಡಿದ್ದರಂತೆ. ನನಗೆ ಸಿಟ್ಟು ಬಂದದ್ದು ಮುಚ್ಚಿಟ್ಟದ್ದಕ್ಕೆ.

"ಹೇಳಿದ್ರೆ ಬೆಟ್ಟ ಹತ್ತೋದೇ ಬೇಡ ಅಂತಿದ್ದೆ ಅಲ್ವೇನಮ್ಮ?" ಅಂದಳು. ಅನ್ನುತ್ತಿದ್ದೆ, ನಿಜ.

ಅಂಥವಳು ಈಗ ಅನುಭವಸ್ಥರ ತಂಡದ ಜೊತೆ ಹಿಮಾಚಲಕ್ಕೆ, ಅದೂ ಚಳಿಗಾಲದಲ್ಲಿ, ಹೊರಟಿದ್ದಳು.

ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಆಸರೆ ಕೊಡುವ ಕೆಲಸದಲ್ಲಿದ್ದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ ಅದು. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಅಪ್ಪ ಬರುವವರೆಗೆ ಅಮ್ಮ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಅಪ್ಪನೂ ಈಗಿಲ್ಲ. "ಮೇಲಿರೋದನ್ನ ನೋಡಿ ಹೆದರಬೇಡ, ಅದನ್ನ ಹೊತ್ತಿರೋದು ಏನು ಅಂತ ನೋಡು" ಅನ್ನುತ್ತಿದ್ದರು. "ಹೋಗಬೇಡ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಅಂಗಡಿಗೆ ನಾನೂ ಬರ್ತೀನಿ" ಅಂದೆ. ಒಂದೇ ಸಲಕ್ಕಾದರೆ ಬಾಡಿಗೆಯದೇ ಸಾಕು ಎಂದರು ನಮ್ಮ ಯಜಮಾನರು. ಅದೂ ಸರಿಯೇ. ಆದರೆ ಇವಳದು ಒಂದೇ ಸಲಕ್ಕೆ ಮುಗಿಯುವ ಹುಚ್ಚಲ್ಲವಲ್ಲ! ನನ್ನ ಚೀಟಿ ಹಣ ತೆಗೆದೆ.

ಬೆಂಗಳೂರಿನ ಅಂಗಡಿಯವನು ಸೀರೆ ಅಂಗಡಿಯವರ ಹಾಗೆ ಮೊದಲು ಬಣ್ಣ ತೋರಿಸಿದ. ನಾನು ಕಡ್ಡಿ ಕೇಳಿದೆ. ಅಗ್ಗದ ಫೈಬರ್ ಕಡ್ಡಿ ಬಿದಿರಿನ ಹಾಗೆ ಸೀಳುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಕಡ್ಡಿ ಬಗ್ಗುತ್ತದೆ, ಮುರಿದರೂ ಮೇಲೊಂದು ಕೊಳವೆ ತೊಡಿಸಿ ಕಟ್ಟಬಹುದು. ಹಿಮದ ಟೆಂಟಿಗೆ ಕಡ್ಡಿಗಳು ಹೆಚ್ಚು, ಒಂದನ್ನೊಂದು ಹಲವು ಕಡೆ ಅಡ್ಡ ಹಾಯುತ್ತವೆ. ಹಿಮದ ಭಾರ ಹೊರುವುದು ಅವೇ.

ಆರು ಋತು ಎಣಿಸುವ ನಮಗೆ "ನಾಲ್ಕು ಋತುವಿನ ಟೆಂಟು" ಎಂದರೆ ವರ್ಷವಿಡೀ ಸುಖವೆಂದು ತೋರುತ್ತದೆ. ಹಾಗಲ್ಲ ಸೋದರಿಯರೇ, ಅದು ಮುಖ್ಯವಾಗಿ ಚಳಿಗಾಲದ್ದು. ಮೂರು ಋತುವಿನದಕ್ಕೆ ಒಳಪದರದಲ್ಲಿ ಸೊಳ್ಳೆಪರದೆಯಂಥ ಜಾಲರಿ ಹೆಚ್ಚು. ಇದಕ್ಕೆ ಮುಚ್ಚಿದ ಬಟ್ಟೆ, ನೆಲ ಮುಟ್ಟುವ ಹೊರಹೊದಿಕೆ. ನಮ್ಮ ಬೇಸಿಗೆಯಲ್ಲಿ ಮಲಗಿದರೆ ಬೆಂದೇ ಹೋದೇವು. ತೂಕವೂ ಹೆಚ್ಚು, ನಾವು ತಂದ ಇಬ್ಬರ ಟೆಂಟು 3.5 ಕೆ.ಜಿ.

ಹೊಲಿಗೆ ಮೆಷಿನ್ ತುಳಿದ ಕೈಗೆ ಉಳಿದದ್ದು ಕಷ್ಟವಾಗಲಿಲ್ಲ. ಸೂಜಿ ತೂರಿದ ಕಡೆಯೆಲ್ಲ ನೀರು ಇಳಿಯುತ್ತದೆ, ಆದ್ದರಿಂದ ಹೊಲಿಗೆಯ ಒಳಗಡೆ ಪಟ್ಟಿ ಅಂಟಿಸಿರಬೇಕು. ಬಟ್ಟೆಯಲ್ಲಿ ಸಣ್ಣ ಚೌಕಳಿಯಾಗಿ ದಪ್ಪ ದಾರ ನೇಯ್ದಿದ್ದರೆ ಹರಿದದ್ದು ಮುಂದಕ್ಕೆ ಓಡುವುದಿಲ್ಲ. ಜಿಪ್ಪನ್ನು ಹತ್ತು ಸಲ ಎಳೆದು ನೋಡಿದೆ. ಅಂಗಡಿಯವನ ಮುಖ ಸಣ್ಣದಾಯಿತು!

ನವೆಂಬರಿನ ಮಳೆಗೆ ಮಹಡಿಯ ಮೇಲೆಯೇ ಪರೀಕ್ಷೆ. ಗೂಟ ಹೊಡೆಯಲಾಗದೆ ಇಟ್ಟಿಗೆಗಳಿಗೆ ಹಗ್ಗ ಕಟ್ಟಿದೆವು. ಕತ್ತಲಲ್ಲಿ, ಕೈಗವಸು ತೊಟ್ಟು ಹಾಕಬೇಕೆಂದು ನನ್ನ ಹಟ. ಯಜಮಾನರು ಗಡಿಯಾರ ಹಿಡಿದು ನಿಂತರು. ರಾತ್ರಿ ಅಮ್ಮ ಮಗಳು ಅದರೊಳಗೇ ಮಲಗಿದೆವು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಹನಿ! ಹಣ ಹೋಯಿತೆಂದು ಅವಳ ಮುಖ ಬಾಡಿತು. ಇಡ್ಲಿಪಾತ್ರೆಯ ಮುಚ್ಚಳಕ್ಕೆ ಕಟ್ಟುವಂಥದೇ ಹನಿ ಅದು, ನಮ್ಮದೇ ಉಸಿರು. ಚಳಿಯೆಂದು ಗಾಳಿಕಿಂಡಿ ಮುಚ್ಚಿದ್ದೆವು. ಹಿಮದಲ್ಲೂ ಅದನ್ನು ತೆರೆದೇ ಇಡಬೇಕಂತೆ. ಟೆಂಟಿನೊಳಗೆ ಒಲೆಯನ್ನಂತೂ ಹಚ್ಚಲೇಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗಿದಂತೆ, ವಾಸನೆಯಿಲ್ಲದ ವಿಷಗಾಳಿ ಜೀವ ತೆಗೆಯುತ್ತದೆ.

1984ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ ಬಚೇಂದ್ರಿ ಪಾಲ್ ಕಥೆಯನ್ನೂ ಮಗಳೇ ಹೇಳಿದಳು. ಶಿಖರ ಮುಟ್ಟುವ ಒಂದು ವಾರ ಮುಂಚೆ, ನಿದ್ದೆಯಲ್ಲಿದ್ದಾಗ ಟೆಂಟಿನ ಮೇಲೆ ಹಿಮ ಕುಸಿದು, ಜೊತೆಗಾರರು ಚಾಕುವಿನಿಂದ ಟೆಂಟು ಕುಯ್ದು ಅವರನ್ನು ಹೊರಗೆಳೆದರಂತೆ. ಎಷ್ಟೇ ಗಟ್ಟಿ ಟೆಂಟಾದರೂ ಹಿಮ ಜಾರುವ ದಾರಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಜಾಗ ಆರಿಸುವ ವಿದ್ಯೆಯನ್ನು ತಂಡದ ಹಿರಿಯರಿಂದಲೇ ಕಲಿಯಬೇಕು. ಅವಳ ಚೀಲಕ್ಕೆ ನಾನೊಂದು ಮಡಚುವ ಚಾಕು ಹಾಕಿದೆ.

ಹಿಂದಿರುಗಿದ ದಿನ ಮೊದಲು ಟೆಂಟು ಬಿಚ್ಚಿಸಿ ನೆರಳಲ್ಲಿ ಹರವಿಸಿದೆ. ಒದ್ದೆ ಇದ್ದರೆ ಬೂಷ್ಟು, ಬಿಸಿಲು ಹೆಚ್ಚಾದರೆ ಬಟ್ಟೆ ಬೇಗ ಪೆಡಸಾಗುತ್ತದೆ. ಆಮೇಲೆ ಅಡುಗೆಮನೆಗೆ ಬಂದು ತಾನಾಗಿಯೇ ಶುರು ಮಾಡಿದಳು: ಮೂರನೆಯ ರಾತ್ರಿ ಹಿಮ ಸುರಿದು ಬಟ್ಟೆ ಜಗ್ಗಿತಂತೆ, ಎರಡು ಸಲ ಎದ್ದು ಒಳಗಿನಿಂದ ಬಡಿದು ಹಿಮ ಕೆಡವಿದರಂತೆ, ಕಡ್ಡಿಗಳು ಬಗ್ಗಿದವೇ ಹೊರತು ಮುರಿಯಲಿಲ್ಲವಂತೆ. ಕೇಳುತ್ತಾ ನನ್ನ ಕೈಕಾಲು ತಣ್ಣಗಾದವು.

"ಇನ್ನೊಂದು ದೋಸೆ ಹಾಕಲೇನೆ?" ಅಂದೆ.